ಟೈರು ರಬ್ಬರಿನದಾದರೆ ಸಿಡಿಲು ಬಿಡುತ್ತದೆಯೇ?

ದಾರಿಯ ಪ್ರಶ್ನೆಗಳಿಗೆ ನಿವೃತ್ತ ಬಸ್ ಚಾಲಕರೊಬ್ಬರ ಉತ್ತರ

ಪ್ರಶ್ನೆ: ಹುಬ್ಬಳ್ಳಿಯಿಂದ ನವಲಗುಂದ ಕಡೆಯ ಹಳ್ಳಿಯ ಶಾಲೆಗೆ ದಿನವೂ ಸ್ಕೂಟರಿನಲ್ಲಿ ಹೋಗಿ ಬರುತ್ತೇನೆ. ಮಧ್ಯಾಹ್ನದವರೆಗೆ ಸುಡುಬಿಸಿಲು, ಶಾಲೆ ಬಿಡುವ ಹೊತ್ತಿಗೆ ಗುಡುಗು ಮಿಂಚು. ದಾರಿಯುದ್ದಕ್ಕೂ ಎರೆ ಹೊಲ, ಅಲ್ಲೊಂದು ಇಲ್ಲೊಂದು ಮರ. ಟೈರು ರಬ್ಬರಿನದು, ಸಿಡಿಲು ಏನೂ ಮಾಡದು ಎನ್ನುತ್ತಾರೆ ನಮ್ಮ ಮನೆಯವರು. ನಿಜವೇ? ಮರದ ಕೆಳಗೆ ನಿಲ್ಲಬಹುದೇ?
– ಶಿಕ್ಷಕಿ, ಹುಬ್ಬಳ್ಳಿ

ಉತ್ತರ: ಅಕ್ಕೋರೇ, ಮನೆಯವರ ಮಾತನ್ನು ಉಳಿದೆಲ್ಲದರಲ್ಲಿ ಕೇಳಿ, ಇದೊಂದರಲ್ಲಿ ಬೇಡ. ಮೋಡದಿಂದ ನೆಲದವರೆಗೆ ಗಾಳಿಯನ್ನೇ ಸೀಳಿಕೊಂಡು ಬರುವ ಸಿಡಿಲಿಗೆ ಬೆರಳು ದಪ್ಪದ ರಬ್ಬರ್ ಯಾವ ಲೆಕ್ಕ? ಬಸ್ಸಿನೊಳಗೆ ಕುಳಿತವರನ್ನು ಕಾಯುವುದು ಟೈರಲ್ಲ, ಸುತ್ತಲಿನ ತಗಡು. ವಿದ್ಯುತ್ತು ಅದರ ಹೊರಮೈಯಲ್ಲೇ ಹರಿದು ನೆಲ ಸೇರುತ್ತದೆ. ಸ್ಕೂಟರಿಗೆ ಆ ಚಿಪ್ಪಿಲ್ಲ. ಬಟಾಬಯಲಿನಲ್ಲಿ ಎಲ್ಲಕ್ಕಿಂತ ಎತ್ತರ ನಿಮ್ಮ ಹೆಲ್ಮೆಟ್ಟೇ.

ಮರದ ಮಾತು ಕೇಳಿದಿರಿ. ಒಂದು ರೋಹಿಣಿ ಮಳೆಯ ಮರುದಿನ ಇದೇ ರಸ್ತೆಯ ಬದಿಯಲ್ಲಿ ಒಂಟಿ ಬೇವಿನ ಮರವೊಂದನ್ನು ನೋಡಿದೆ. ತುದಿಯಿಂದ ಬುಡದವರೆಗೆ ಒಂದು ಗೇಣು ಅಗಲದ ತೊಗಟೆ ಸುಲಿದುಹೋಗಿತ್ತು. ಒಳಗಿನ ರಸ ಕ್ಷಣದಲ್ಲಿ ಆವಿಯಾಗಿ ಸಿಡಿದದ್ದು. ಕೆಳಗೆ ಎರಡು ಆಡು ಸತ್ತು ಬಿದ್ದಿದ್ದವು. ಮೈಮೇಲೆ ಒಂದು ಗೀರೂ ಇಲ್ಲ. ಬುಡಕ್ಕಿಳಿದ ವಿದ್ಯುತ್ತು ನೆಲದಲ್ಲಿ ಹರಡಿ ಒಂದು ಕಾಲಿನಿಂದ ಹತ್ತಿ ಇನ್ನೊಂದು ಕಾಲಿನಿಂದ ಇಳಿದಿತ್ತು.

ಶಾಲೆಯ ಬಾಗಿಲಲ್ಲೇ ನಿಂತು ಎಣಿಸಿ. ಮಿಂಚು ಕಂಡು ಗುಡುಗು ಕೇಳುವವರೆಗಿನ ಪ್ರತಿ ಮೂರು ಸೆಕೆಂಡಿಗೆ ಒಂದು ಕಿಲೋಮೀಟರು. ಎಣಿಕೆ 30ರೊಳಗಿದ್ದರೆ ಸ್ಕೂಟರ್ ಕೀಲಿ ಚೀಲದಲ್ಲೇ ಇರಲಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ. ಪುಣೆಯ ಹವಾಮಾನ ಸಂಸ್ಥೆಯವರು ರೂಪಿಸಿದ ‘ದಾಮಿನಿ’ ಆ್ಯಪ್ ಸುತ್ತಮುತ್ತ ಬೀಳುವ ಸಿಡಿಲನ್ನು ತೋರಿಸುತ್ತದೆ. ನನ್ನ ಮೊಬೈಲಿಗೂ ಮೊಮ್ಮಗಳು ಹಾಕಿಕೊಟ್ಟಿದ್ದಾಳೆ. ಆದರೂ ನಾನು ಎಣಿಸುವುದನ್ನು ಬಿಟ್ಟಿಲ್ಲ.

ನಡುದಾರಿಯಲ್ಲಿ ಸಿಕ್ಕಿಕೊಂಡರೆ ಸ್ಕೂಟರನ್ನು ಬದಿಗಿಟ್ಟು ಬರುವ ಬಸ್ಸಿಗೆ ಕೈ ಮಾಡಿ. ಗಾಡಿಯ ಚಿಂತೆ ನಾಳೆಗಿರಲಿ. ಗೋಡೆಯಿಲ್ಲದ ತಂಗುದಾಣ ಮಳೆಗೆ ಆಸರೆ, ಸಿಡಿಲಿಗಲ್ಲ. ಏನೂ ಸಿಗದಿದ್ದರೆ ಮರ, ಕಂಬ, ತಂತಿಬೇಲಿಗಳಿಂದ ದೂರ ಸರಿದು ತಗ್ಗಿನಲ್ಲಿ ಎರಡೂ ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕುಳಿತುಕೊಳ್ಳಿ, ಮಲಗಬೇಡಿ. ಇದು ರಕ್ಷಣೆಯಲ್ಲ, ಗತಿಯಿಲ್ಲದಾಗಿನ ಉಪಾಯ ಅಷ್ಟೇ.

ಪ್ರಶ್ನೆ: ಹಳ್ಳದ ಸೇತುವೆಯ ಮೇಲೆ ಮೊಣಕಾಲಿಗಿಂತ ಕಡಿಮೆ ನೀರಿದ್ದರೆ ಬೈಕು ದಾಟಿಸಬಹುದೇ?
– ಓದುಗ, ನವಲಗುಂದ

ಉತ್ತರ: ಬೇಡ. ರಭಸದ ನೀರು ಒಂದು ಗೇಣು ಇದ್ದರೂ ಕಾಲು ಕಿತ್ತುಬಿಡುತ್ತದೆ, ಬೈಕಿನ ಪಾಡು ಕೇಳುವುದೇ ಬೇಡ. ನಿಮ್ಮೂರಲ್ಲಿ ಹನಿ ಬೀಳದಿದ್ದರೂ ಮೇಲೆ ಹುಬ್ಬಳ್ಳಿ ಕಡೆ ಸುರಿದದ್ದು ಬೆಣ್ಣೆಹಳ್ಳಕ್ಕೆ ಬಂದೇ ಬರುತ್ತದೆ. ಒಮ್ಮೆ ಇಂಥದೇ ನೀರಿಗೆ ನಾನು ಬಸ್ಸು ನುಗ್ಗಿಸಲು ಹೊರಟಿದ್ದೆ. ನಿರ್ವಾಹಕ ಕೆಳಗಿಳಿದು ಚಕ್ರದ ಮುಂದೆಯೇ ನಿಂತುಬಿಟ್ಟ. ರಾತ್ರಿಯೆಲ್ಲ ಅವನನ್ನು ಬೈಯುತ್ತ ಬಸ್ಸಿನಲ್ಲೇ ಮಲಗಿದೆ. ಬೆಳಿಗ್ಗೆ ನೀರಿಳಿದ ಮೇಲೆ ನೋಡಿದರೆ ಸೇತುವೆಯ ಎಡಬದಿಯ ಅಂಚು ಎರಡು ಮಾರು ಕಿತ್ತುಹೋಗಿತ್ತು. ಅವನು ಏನೂ ಹೇಳಲಿಲ್ಲ, ಚಹಾ ತರಿಸಿದ.