ಶುಗರ್‌ಗೆ ಒಂದೇ ಮಾತ್ರೆಯಲ್ಲಿ ಎರಡು ಔಷಧಿ ಏಕೆ?

ನಿಮ್ಮ ತಾಯಿಯವರಿಗೆ ಇಷ್ಟು ದಿನ ಎರಡು ಬೇರೆ ಬೇರೆ ಮಾತ್ರೆ ಇದ್ದವು. ಈಗ ಡಾಕ್ಟರು ಗ್ಲಿಮೆಪಿರೈಡ್ 2 ಮಿ.ಗ್ರಾಂ, ಮೆಟ್‌ಫಾರ್ಮಿನ್ 500 ಮಿ.ಗ್ರಾಂ ಸೇರಿದ ಒಂದೇ ಮಾತ್ರೆ ಬರೆದಿದ್ದಾರೆ. ಡೋಸ್ ಹೆಚ್ಚಾಯಿತೇ, ದಪ್ಪಗಿದೆ ಎಂದು ಪುಡಿ ಮಾಡಿ ಕೊಡಬಹುದೇ, ಉಳಿದ ಹಳೇ ಮಾತ್ರೆ ಏನು ಮಾಡಲಿ ಎಂದು ಕೇಳಿದ್ದೀರಿ. ನಾನು ಜಯನಗರದ ಒಂದು ಮೆಡಿಕಲ್ ಶಾಪ್‌ನಲ್ಲಿ ಫಾರ್ಮಸಿಸ್ಟ್. ಇದನ್ನು ಕೇಳಿ ತಿಳಿದುಕೊಳ್ಳುವವರಿಗಿಂತ ಕೇಳದೇ ಮನೆಗೆ ಹೋಗುವವರೇ ಜಾಸ್ತಿ, ಹಾಗಾಗಿ ವಿವರವಾಗಿಯೇ ಹೇಳುತ್ತೇನೆ.

ಕೊನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಅಪಾಯ ಇರುವುದು ಅಲ್ಲೇ. ಹಳೇ ಮಾತ್ರೆಗಳನ್ನು ಹೊಸದರ ಜೊತೆ ದಯವಿಟ್ಟು ಕೊಡಬೇಡಿ. ಹೆಸರು ಬೇರೆ, ಶೀಟು ಬೇರೆ, ಒಳಗಿರುವುದು ಅದೇ ಔಷಧಿ. ‘ದುಡ್ಡು ಕೊಟ್ಟು ತಂದದ್ದು, ಮುಗಿಸಿಬಿಡೋಣ’ ಎಂದು ಎರಡನ್ನೂ ನುಂಗಿದರೆ ಗ್ಲಿಮೆಪಿರೈಡ್ ದುಪ್ಪಟ್ಟಾಗಿ ಸಕ್ಕರೆ ಪಾತಾಳಕ್ಕೆ ಇಳಿಯಬಹುದು. ಶೀಟಿನ ಹಿಂಬದಿ ಬ್ರ್ಯಾಂಡ್ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಔಷಧಿಯ ಹೆಸರು, ಮಿಲಿಗ್ರಾಂ ಇರುತ್ತವೆ. ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ಓದಿ, ದಿನಕ್ಕೆ ಎಷ್ಟು ಸಲ ಎಂಬುದನ್ನೂ ನೋಡಿ. ಲೆಕ್ಕ ಒಂದೇ ಬಂದರೆ ಡೋಸ್ ಹೆಚ್ಚಾಗಿಲ್ಲ ಎಂದೇ ಅರ್ಥ. ಇಂಥ ಮಾತ್ರೆಗಳ ಹೆಸರಿನ ಕೊನೆಯಲ್ಲಿ ಬರುವ 1, 2 ಸಾಮಾನ್ಯವಾಗಿ ಗ್ಲಿಮೆಪಿರೈಡ್‌ನ ಮಿಲಿಗ್ರಾಂ. ‘ಫೋರ್ಟೆ’ ಎಂದಿದ್ದರೆ ಹೆಚ್ಚಾಗಿ ಮೆಟ್‌ಫಾರ್ಮಿನ್ 850 ಅಥವಾ 1000 ಇರುತ್ತದೆ. ಆ ಒಂದು ಪದ ಓದದೆ ಬಿಟ್ಟರೆ ಡೋಸೇ ಬದಲಾಗಿಬಿಡುತ್ತದೆ.

ಇನ್ನು ಎರಡು ಔಷಧಿ ಯಾಕೆ ಅಂದರೆ, ಟೈಪ್ 2 ಸಕ್ಕರೆ ಕಾಯಿಲೆ ಒಂದೇ ಕಡೆ ಕೆಟ್ಟು ಬರುವುದಲ್ಲ. ನಾವು ಏನೂ ತಿನ್ನದೆ ಮಲಗಿದ್ದರೂ ಲಿವರ್ ರಕ್ತಕ್ಕೆ ಸಕ್ಕರೆ ಬಿಡುತ್ತಿರುತ್ತದೆ. ಈ ಕಾಯಿಲೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಬಿಡುತ್ತದೆ. ರಾತ್ರಿ ಅರ್ಧ ಚಪಾತಿ ತಿಂದು ಮಲಗಿದರೂ ಬೆಳಗ್ಗೆ ಖಾಲಿ ಹೊಟ್ಟೆಯ ಶುಗರ್ 160 ಬರುವುದು ಇದರಿಂದ. ಮೆಟ್‌ಫಾರ್ಮಿನ್ ಮುಖ್ಯವಾಗಿ ಇದನ್ನು ತಗ್ಗಿಸುತ್ತದೆ. ಇನ್ನೊಂದು ಕಡೆ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ಸುಸ್ತಾಗಿರುತ್ತವೆ. ಗ್ಲಿಮೆಪಿರೈಡ್ ಅವನ್ನು ತಟ್ಟಿ ಎಬ್ಬಿಸಿ ಇನ್ಸುಲಿನ್ ಬಿಡಿಸುತ್ತದೆ. ಒಂದೇ ಔಷಧಿಯನ್ನು ಏರಿಸುತ್ತಾ ಹೋಗುವ ಬದಲು ಎರಡು ಕಡೆಯಿಂದ ಹಿಡಿದರೆ ಪರಿಣಾಮ ಚೆನ್ನಾಗಿರುತ್ತದೆ, ಮಾತ್ರೆ ಮರೆಯುವುದೂ ಕಡಿಮೆಯಾಗುತ್ತದೆ.

ನಿಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರಬೇಕಾದ ವಿಷಯ ಇದು: ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಂಡರೆ ಲೋ ಶುಗರ್ ಆಗುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ, ಊಟ ಆಗಿದೆಯೋ ಇಲ್ಲವೋ ನೋಡದೆ ಅದು ಇನ್ಸುಲಿನ್ ಬಿಡಿಸುತ್ತದೆ. ಏಕಾದಶಿ, ಸಂಕಷ್ಟಿ ಎಂದು ನಿಮ್ಮ ತಾಯಿ ಉಪವಾಸ ಮಾಡುತ್ತಾರಾದರೆ ಆ ದಿನ ಏನು ಮಾಡಬೇಕೆಂದು ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಬೇರೆ ಬೇರೆ ಇದ್ದಾಗ ಒಂದನ್ನು ಬಿಟ್ಟು ಇನ್ನೊಂದನ್ನು ಕೊಡಿ ಎನ್ನಬಹುದಿತ್ತು, ಜೋಡಿ ಮಾತ್ರೆಯಲ್ಲಿ ಆ ಅವಕಾಶ ಇಲ್ಲ. ಬೆಳಗಿನ ಮಾತ್ರೆಯಾದರೆ ತಿಂಡಿ ತಟ್ಟೆಗೆ ಬಂದ ಮೇಲೆ ಕೊಡಿ. ಮಾತ್ರೆ ನುಂಗಿ, ದೇವಸ್ಥಾನಕ್ಕೆ ಹೋಗಿ, ಹತ್ತೂವರೆಗೆ ಬಂದು ತಿಂಡಿ ತಿನ್ನುವ ಅಭ್ಯಾಸ ಬೇಡವೇ ಬೇಡ.

ಕೈ ನಡುಕ, ಬೆವರು, ಎದೆ ಡವಡವ, ಕಾರಣವಿಲ್ಲದ ಸಿಡುಕು, ತೊದಲು ಮಾತು ಕಂಡರೆ ಗ್ಲುಕೋಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ, ಅಥವಾ ಮೀಟರ್ ಕೈಗೆ ಸಿಗದಿದ್ದರೆ, ತಕ್ಷಣ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕೊಡಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಸರಿಹೋಯಿತು ಎಂದು ಸುಮ್ಮನಾಗದೆ ಊಟ ಕೊಡಿ, ಗ್ಲಿಮೆಪಿರೈಡ್ ತುಂಬಾ ಹೊತ್ತು ಕೆಲಸ ಮಾಡುವುದರಿಂದ ಸಕ್ಕರೆ ಮತ್ತೆ ಬೀಳಬಹುದು. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ. ಮುಂದೆಂದಾದರೂ ವೋಗ್ಲಿಬೋಸ್ ಕೂಡ ಸೇರಿದ ಮೂರರ ಮಾತ್ರೆ ಬಂದರೆ ಮನೆಯಲ್ಲಿ ಗ್ಲುಕೋಸ್ ಪುಡಿಯನ್ನೇ ಇಟ್ಟುಕೊಳ್ಳಿ. ಅಡುಗೆ ಮನೆಯ ಸಕ್ಕರೆ ಒಡೆದು ರಕ್ತಕ್ಕೆ ಸೇರುವುದನ್ನೇ ಆ ಔಷಧಿ ನಿಧಾನಿಸುತ್ತದೆ, ಆಗ ಸಕ್ಕರೆ ನೀರು ಬೇಗ ಕೈಹಿಡಿಯುವುದಿಲ್ಲ.

ಮೆಟ್‌ಫಾರ್ಮಿನ್ ಜೊತೆ ಬೇರೆ ಔಷಧಿ ಸೇರಿಸಿದ ಜೋಡಿಗಳೂ ಇವೆ. ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್ ರಕ್ತದಲ್ಲಿ ಸಕ್ಕರೆ ಏರಿದಾಗಲೇ ಹೆಚ್ಚು ಕೆಲಸ ಮಾಡುತ್ತವೆ. ಡಾಪಾಗ್ಲಿಫ್ಲೋಜಿನ್ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಅದನ್ನು ತೆಗೆದುಕೊಳ್ಳುವವರ ಯೂರಿನ್ ರಿಪೋರ್ಟಿನಲ್ಲಿ ಸಕ್ಕರೆ ಕಂಡರೆ ಗಾಬರಿ ಬೇಡ, ಔಷಧಿ ಕೆಲಸ ಮಾಡುತ್ತಿದೆ ಎಂದಷ್ಟೇ.

ಪುಡಿ ಮಾಡುವ ವಿಷಯ. ಶೀಟಿನ ಮೇಲೆ ಎಸ್‌ಆರ್, ಇಆರ್ ಅಥವಾ ಪಿಆರ್ ಎಂದಿದ್ದರೆ, ಅಂದರೆ ಔಷಧಿ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯಾದರೆ, ಪುಡಿ ಮಾಡಬಾರದು, ಅಗಿಯಲೂಬಾರದು. ಇಂಥ ಎಷ್ಟೋ ಮಾತ್ರೆಗಳು ಒಂದು ಮಗ್ಗುಲು ಬಿಳಿ, ಇನ್ನೊಂದು ಮಗ್ಗುಲು ಬಣ್ಣ ಇರುತ್ತವೆ. ಒಂದು ಪದರ ಬೇಗ ಕರಗುವ ಗ್ಲಿಮೆಪಿರೈಡ್, ಇನ್ನೊಂದು ಗಂಟೆಗಟ್ಟಲೆ ನಿಧಾನವಾಗಿ ಬಿಡುಗಡೆಯಾಗುವ ಮೆಟ್‌ಫಾರ್ಮಿನ್. ಕುಟ್ಟಿದರೆ ಅಷ್ಟೂ ಮೆಟ್‌ಫಾರ್ಮಿನ್ ಒಮ್ಮೆಲೇ ಬಿಡುಗಡೆಯಾಗಿ ಹೊಟ್ಟೆ ತೊಳಸುವುದು, ಭೇದಿ ಆಗಬಹುದು. ಮಲದಲ್ಲಿ ಮಾತ್ರೆಯಂಥದ್ದೇ ಮೆತ್ತನೆ ತುಣುಕು ಕಂಡರೂ ಹೆದರಬೇಡಿ, ಔಷಧಿ ಹೊರಬಂದ ಮೇಲೆ ಉಳಿದ ಖಾಲಿ ಕವಚ ಅದು. ನುಂಗುವುದು ನಿಜಕ್ಕೂ ಕಷ್ಟವಾದರೆ ಡಾಕ್ಟರಿಗೆ ಹೇಳಿ, ಹಿಂದಿನಂತೆ ಬೇರೆ ಬೇರೆಯಾಗಿ ಬರೆದುಕೊಡಬಹುದು.

ಡಾಕ್ಟರ ಹತ್ತಿರ ಹೋಗುವಾಗ ಕಿಡ್ನಿಯ ರಕ್ತ ಪರೀಕ್ಷೆಯಾದ ಕ್ರಿಯಾಟಿನೈನ್ ರಿಪೋರ್ಟ್ ಒಯ್ಯಿರಿ. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಇಜಿಎಫ್‌ಆರ್ 30ಕ್ಕಿಂತ ಕೆಳಗಿದ್ದರೆ ಮೆಟ್‌ಫಾರ್ಮಿನ್ ಕೊಡುವುದಿಲ್ಲ. ವರ್ಷಗಟ್ಟಲೆ ಅದನ್ನು ತೆಗೆದುಕೊಂಡವರಲ್ಲಿ ವಿಟಮಿನ್ ಬಿ12 ಕಡಿಮೆಯಾಗುವುದುಂಟು, ಅದರಿಂದಲೂ ಪಾದ ಜುಮ್ಮೆನ್ನಬಹುದು. ನಿಮ್ಮ ತಾಯಿಗೆ ಪಾದ ಜುಮ್ಮೆನ್ನುತ್ತಿದ್ದರೆ, ಶುಗರ್‌ನಿಂದಲೇ ಇರಬೇಕು ಎಂದುಕೊಂಡು ಬಿಡದೆ ಬಿ12 ಒಮ್ಮೆ ನೋಡಿಸಬಹುದೇ ಎಂದು ಕೇಳಿ.