ಹೊಸೂರಿನಲ್ಲಿ 40 ಸಾವಿರ ಕಡಿಮೆ ಅಂದರೆ ಕಾರು ತರಬಹುದಾ?

ಬೆಂಗಳೂರಿನಲ್ಲಿದ್ದೀರಿ, 12 ಲಕ್ಷದ ಕಾರು ತಮಿಳುನಾಡಿನ ಹೊಸೂರಿನಲ್ಲಿ 40 ಸಾವಿರ ಕಡಿಮೆಗೆ ಸಿಗುತ್ತಿದೆ, ತರಲಾ ಅಂತ ಕೇಳಿದ್ದೀರಿ. ತರಬಹುದು. ಆದರೆ ಆ 40 ಸಾವಿರ ಯಾವ ಬಾಬ್ತಿನಲ್ಲಿ ಕಡಿಮೆಯಾಗಿದೆ ಅಂತ ಮೊದಲು ನೋಡಿ.

ಎಕ್ಸ್ ಶೋರೂಂ ಬೆಲೆಯಲ್ಲೇ (ರೋಡ್ ಟ್ಯಾಕ್ಸ್, ವಿಮೆ ಸೇರಿಸುವ ಮುಂಚಿನ ಬೆಲೆ) ಬಿಟ್ಟಿದ್ದರೆ ಅದು ನಿಜವಾದ ಉಳಿತಾಯ. ರೋಡ್ ಟ್ಯಾಕ್ಸ್‌ನಲ್ಲಿ ತೋರಿಸಿದ್ದರೆ ಆ ಲೆಕ್ಕ ಬಿಟ್ಟುಬಿಡಿ. ಕಾರು ಎಲ್ಲಿರುತ್ತೋ ಅಲ್ಲೇ ನೋಂದಣಿ ಆಗಬೇಕು, ಅಲ್ವಾ? ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಪೆಟ್ರೋಲ್, ಡೀಸೆಲ್ ಕಾರಿಗೆ ತೆರಿಗೆ ಶೇ. 17. ಅಂದರೆ 2,04,000 ರೂಪಾಯಿ, ಅದರ ಮೇಲೆ ಸೆಸ್ ಬೇರೆ. ಕಾರು ಎಲ್ಲಿ ಕೊಂಡರೂ ಇದು ತಪ್ಪುವುದಿಲ್ಲ.

ನೆಂಟರ ವಿಳಾಸ ಕೊಟ್ಟು ಟಿಎನ್ ನಂಬರ್ ಮಾಡಿಸಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. 12 ತಿಂಗಳಿಗಿಂತ ಜಾಸ್ತಿ ಇಲ್ಲಿಟ್ಟುಕೊಂಡರೆ ಕೆಎ ನಂಬರ್ ಮಾಡಿಸಲೇಬೇಕು. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು, ಇಲ್ಲಿ ತೆರಿಗೆ ಕಟ್ಟಬೇಕು, ಅಲ್ಲಿ ಕಟ್ಟಿದ್ದನ್ನು ವಾಪಸ್ ಕೇಳಿ ಅರ್ಜಿ ಹಾಕಬೇಕು. ಸುಮ್ನೆ ಅಲೆದಾಟ.

ಸರಿಯಾದ ದಾರಿ ಅಂದರೆ ಅಲ್ಲಿ ತಾತ್ಕಾಲಿಕ ನೋಂದಣಿ ಮಾಡಿಸಿ, ಅದರ ಅವಧಿ ಮುಗಿಯುವುದರೊಳಗೆ ಇಲ್ಲಿ ನೋಂದಣಿ ಮಾಡಿಸುವುದು. ಇನ್‌ವಾಯ್ಸ್, ವಿಮೆ, ಫಾರಂ 21 (ಮಾರಾಟ ಪತ್ರ) ಎಲ್ಲದರಲ್ಲೂ ನಿಮ್ಮ ಬೆಂಗಳೂರು ವಿಳಾಸವೇ ಇರಲಿ. ಫಾರಂ 22 (ಕಾರು ರಸ್ತೆಗೆ ಯೋಗ್ಯ ಅನ್ನುವ ತಯಾರಕರ ಪತ್ರ) ಕೂಡ ತಗೊಳ್ಳಿ. ಆರ್‌ಟಿಒ ಕೆಲಸ ಮಾತ್ರ ನಿಮ್ಮ ತಲೆಗೇ ಬರುತ್ತದೆ.

ವಿಮೆಯ ಮೊತ್ತವನ್ನೂ ಹೋಲಿಸಿ. ಎಷ್ಟೋ ಸಲ ಬೆಲೆಯಲ್ಲಿ ಬಿಟ್ಟಿದ್ದನ್ನು ಅಲ್ಲೇ ವಸೂಲಿ ಮಾಡಿರುತ್ತಾರೆ. ಶೋರೂಮಿನ ವಿಮೆಯನ್ನೇ ತಗೋಬೇಕು ಅಂತೇನಿಲ್ಲ.

ನಾನಾಗಿದ್ದರೆ ಹೊಸೂರಿನ ಕೊಟೇಶನ್ ಹಿಡಿದುಕೊಂಡು ತಿಂಗಳ ಕೊನೆಯ ವಾರ ಬೆಂಗಳೂರಿನ ಎರಡು ಮೂರು ಶೋರೂಮ್‌ಗೆ ಹೋಗಿ ಕೇಳುತ್ತಿದ್ದೆ. ಟಾರ್ಗೆಟ್ ಮುಗಿಸುವ ಆತುರದಲ್ಲಿ ಅವರೂ ಹತ್ತಿರ ಹತ್ತಿರ ಇಳಿಯುತ್ತಾರೆ.