ಗಂಡಸರ ಶಕ್ತಿಗೆ ಅಂತ ಮಾರುವ ಗಿಡಮೂಲಿಕೆ ಕ್ಯಾಪ್ಸೂಲ್‌ಗಳಲ್ಲಿ ಒಳ್ಳೆಯದನ್ನು ಆರಿಸುವುದು ಹೇಗೆ?

ನೀವು ಬರೆದಿರುವ ಮೂರು ಬ್ರಾಂಡ್‌ಗಳಲ್ಲಿ ಯಾವುದೂ ಬೇಡ. ಮೊದಲು ಹೋಗಿ ಸಕ್ಕರೆ ಚೆಕ್ ಮಾಡಿಸಿ. ನಿಮ್ಮ ಬಗ್ಗೆ ನೀವು ಬರೆದದ್ದು ಓದಿದೆ: 39 ವರ್ಷ, ಕೂತು ಮಾಡುವ ಕೆಲಸ, ಕೆಲವು ತಿಂಗಳಿಂದ ನಿಮಿರುವಿಕೆ ಸರಿಯಿಲ್ಲ, ಡಾಕ್ಟರ ಹತ್ತಿರ ಬಾಯಿ ಬಿಡಲು ನಾಚಿಕೆ, ಫೋನ್ ತುಂಬ ಇದೇ ಜಾಹೀರಾತು. ಇದನ್ನು ನಾನೇ ಬರೆದು ಮರೆತಿದ್ದೆನೇನೋ ಅನ್ನಿಸಿತು.

ನನ್ನದು ದಾವಣಗೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಮನೆಯಲ್ಲಿ ಗೊತ್ತಾಗಬಾರದು ಅಂತ ಪಾರ್ಸಲ್ ಅಂಗಡಿಗೇ ತರಿಸಿದೆ. ಡಬ್ಬಿಯ ಮೇಲೆ ಅಶ್ವಗಂಧ, ಶಿಲಾಜಿತ್, ಸಫೇದ್ ಮುಸ್ಲಿ, ನೆಗ್ಗಿಲು, ನಸುಗುನ್ನಿ ಬೀಜ. ಪಕ್ಕದಲ್ಲಿ ಹಸಿರು ಎಲೆಯ ಚಿತ್ರ, ‘100% ನೈಸರ್ಗಿಕ’ ಅಂತ ಚಿನ್ನದ ಅಕ್ಷರ. ಮಲಗುವ ಒಂದು ಗಂಟೆ ಮೊದಲು ಒಂದು ಕ್ಯಾಪ್ಸೂಲ್. ಕೆಲಸ ಮಾಡಿತು. ಅದೂ ಮೊದಲನೇ ರಾತ್ರಿಯೇ.

ನಾನು ಎಡವಿದ್ದು ಇಲ್ಲೇ. ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಕೆಲಸ ಮಾಡಿತಲ್ಲ, ಹಾಗಾದರೆ ಇದು ಒಳ್ಳೆಯ ಮದ್ದು ಅಂತ ತೀರ್ಮಾನ ಮಾಡಿಬಿಟ್ಟೆ. ಅಶ್ವಗಂಧ ಕೊಡುವ ಪಂಡಿತರು ಒಂದು ಮಂಡಲ ತಗೊಳ್ಳಿ, ಆಮೇಲೆ ನೋಡೋಣ ಅನ್ನುತ್ತಾರೆ. 48 ದಿನ. ಅದೇ ಬೇರಿನ ಪುಡಿ ನನಗೆ ಮಾತ್ರ ಒಂದು ಗಂಟೆಯೊಳಗೆ ಹೇಗೆ ಹತ್ತಿತು ಅಂತ ಒಂದು ಸಲವೂ ಕೇಳಿಕೊಳ್ಳಲಿಲ್ಲ. ಅಂಗಡಿಯಲ್ಲಿ ಒಂದು ನಲ್ಲಿ ತಗೊಂಡರೂ ಹಿತ್ತಾಳೆಯೋ ಬರೀ ಲೇಪನವೋ ಅಂತ ಉಜ್ಜಿ ನೋಡುವವನು ನಾನು!

ಸುಳಿವು ಬೇಕಾದಷ್ಟಿತ್ತು. ತಗೊಂಡ ಸ್ವಲ್ಪ ಹೊತ್ತಿಗೆ ಮುಖ ಬಿಸಿ, ಕಿವಿ ಕೆಂಪು, ಮೂಗು ಕಟ್ಟುವುದು, ತಲೆ ಸಿಡಿತ. ಉಷ್ಣ ಆಗಿದೆ ಅಂದುಕೊಂಡೆ. ಕಂಪನಿಗೆ ಫೋನ್ ಮಾಡಿದರೆ ಅವರ ‘ಡಾಕ್ಟರ್’ ಕೂಡ ಅದನ್ನೇ ಹೇಳಿದರು: ಮದ್ದು ಉಷ್ಣ, ತಂಪು ಮಾಡ್ಕೊಳ್ಳಿ, ಮೂರು ತಿಂಗಳ ಕೋರ್ಸ್ ಬಿಡಬೇಡಿ. ಮಜ್ಜಿಗೆ, ಎಳನೀರು, ನೆನೆಸಿದ ಕಾಮಕಸ್ತೂರಿ ಬೀಜ ಎಲ್ಲ ಆಯಿತು. ಒಂದು ರಾತ್ರಿ ಟ್ಯೂಬ್‌ಲೈಟಿನ ಸುತ್ತ ತೆಳು ನೀಲಿ ಕಂಡಿತು. ಕನ್ನಡಕದ ನಂಬರ್ ಬದಲಾಗಿದೆ ಅಂತ ಹೊಸ ಕನ್ನಡಕ ಮಾಡಿಸಿದೆ.

ಇನ್ನೊಂದು ಕಡೆ ರಾತ್ರಿ ಎದ್ದೆದ್ದು ಮೂತ್ರಕ್ಕೆ ಹೋಗುವುದು ಜಾಸ್ತಿ ಆಯಿತು. ಪಾದ ಉರಿ. ತೂಕ ಇಳಿಯಿತು. ಸಣ್ಣಗಾಗಿದ್ದೀಯ, ಚೆನ್ನಾಗಿ ಕಾಣ್ತೀಯ ಅಂದರು ನೆಂಟರು. ಕ್ಯಾಪ್ಸೂಲ್ ಇಲ್ಲದಿದ್ದರೆ ನಾಚಿಕೆ ಬಿಟ್ಟು ಯಾವತ್ತೋ ಡಾಕ್ಟರ ಹತ್ತಿರ ಹೋಗುತ್ತಿದ್ದೆ. ಅದು ಇದ್ದದ್ದರಿಂದಲೇ ಹೋಗಲಿಲ್ಲ. ಹೀಗೆ ಒಂದು ವರ್ಷಕ್ಕೂ ಮೇಲೆ ಕಳೆಯಿತು.

ಕೊನೆಗೆ ಹೋಗಿದ್ದು ಚರ್ಮದ ಡಾಕ್ಟರ ಹತ್ತಿರ. ಶಿಶ್ನದ ತುದಿಯಲ್ಲಿ ಬಿಡದ ತುರಿಕೆ, ಚರ್ಮ ಸೀಳು. ಅವರು ನೋಡಿದವರೇ ಮುಲಾಮು ಬರೆಯುವ ಮೊದಲು ಬೆರಳು ಚುಚ್ಚಿ ಸಕ್ಕರೆ ನೋಡಿದರು. ಅಲ್ಲಿಂದ ಫಿಸಿಶಿಯನ್ ಹತ್ತಿರ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಅಂತ ಒಂದು ಪರೀಕ್ಷೆ ಇದೆ. 6.5 ಮುಟ್ಟಿದರೇ ಸಕ್ಕರೆ ಕಾಯಿಲೆ. ನನ್ನದು 10 ದಾಟಿತ್ತು. ದಿನಾ ಎಳನೀರು ಬೇರೆ!

ಬೇರೆ ಔಷಧಿ ಏನಾದರೂ ತಗೊಳ್ತೀರಾ ಅಂದರು. ಇಲ್ಲ ಅಂದೆ. ಗಿಡಮೂಲಿಕೆ ಔಷಧಿಯ ಲೆಕ್ಕಕ್ಕೆ ಬರುತ್ತದೆ ಅಂತಲೇ ಹೊಳೆಯಲಿಲ್ಲ. ಆಮೇಲೆ ತಡವರಿಸಿ ಡಬ್ಬಿಯ ಫೋಟೋ ತೋರಿಸಿದೆ. ಅವರೇ ಒಂದೊಂದಾಗಿ ಕೇಳಿದರು: ಮುಖ ಬಿಸಿ ಆಗುತ್ತಾ? ಮೂಗು ಕಟ್ಟುತ್ತಾ? ನೀಲಿ ಕಾಣುತ್ತಾ? ಅವೆಲ್ಲ ಸಿಲ್ಡೆನಾಫಿಲ್‌ನ ಲಕ್ಷಣ, ಅಂದರೆ ವಯಾಗ್ರದೊಳಗಿನ ಮದ್ದು. ಡಬ್ಬಿಯನ್ನು ನಾನು ಲ್ಯಾಬಿಗೆ ಕಳಿಸಲಿಲ್ಲ, ಆಣೆ ಮಾಡಿ ಹೇಳಲಾರೆ. ಆದರೆ ಬರೀ ಮೂಲಿಕೆ ಅಂತ ಮಾರಿದ ಮಾತ್ರೆಗಳೊಳಗೆ ಇದು ಸಿಗುವುದು ಹೊಸದೇನಲ್ಲ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಂಥವುಗಳ ಪಟ್ಟಿಯನ್ನೇ ಇಟ್ಟಿದೆ.

ಮನೆಯಲ್ಲಿ ಯಾರಾದರೂ ಹೃದಯದ ಮಾತ್ರೆ ತಗೊಳ್ತಾರಾ ಅಂತಲೂ ಕೇಳಿದರು. ನಮ್ಮಪ್ಪ ಎದೆನೋವಿಗೆ ನಾಲಿಗೆ ಅಡಿ ಇಟ್ಟುಕೊಳ್ಳುವ ಸಾರ್ಬಿಟ್ರೇಟ್ ದೇವರ ಮನೆಯ ಗೂಡಿನಲ್ಲೇ ಇರುತ್ತದೆ. ಒಮ್ಮೆ ಕ್ಯಾಪ್ಸೂಲ್ ತಗೊಂಡ ರಾತ್ರಿ ಎದೆ ಉರಿ ಬಂದು ಆ ಮಾತ್ರೆ ಕೈಗೆ ತಗೊಂಡಿದ್ದೆ. ತೇಗು ಬಂತು, ಗ್ಯಾಸ್ ಅಂತ ವಾಪಸ್ ಇಟ್ಟೆ. ಸಿಲ್ಡೆನಾಫಿಲ್ ಜೊತೆ ಅದು ಸೇರಿದರೆ ಬಿಪಿ ಧಡ್ ಅಂತ ಕುಸಿಯುತ್ತದೆ, ಪ್ರಾಣವೇ ಹೋಗಬಹುದು. ಡಬ್ಬಿಯ ಮೇಲೆ ಬರೆದಿಲ್ಲದ ಮದ್ದಿಗೆ ಯಾರು ಎಚ್ಚರಿಕೆ ಕೊಡುತ್ತಾರೆ?

ಈಗ ನಿಮ್ಮ ಪ್ರಶ್ನೆಗೆ. ಬ್ರಾಂಡ್ ಹೋಲಿಕೆ ಮಾಡುವುದೇ ತಪ್ಪು ದಾರಿ. ಒಂದು ಗಂಟೆಯಲ್ಲಿ ಕೆಲಸ ಮಾಡುವ ‘ಮೂಲಿಕೆ’ಯ ಮೇಲೇ ನಿಮಗೆ ಅನುಮಾನ ಬರಬೇಕು. ಇನ್ನು ಜಾಹೀರಾತು. ಲೈಂಗಿಕ ಶಕ್ತಿ ಹೆಚ್ಚಿಸುತ್ತದೆ ಅಂತ ಔಷಧಿಯನ್ನು ಪ್ರಚಾರ ಮಾಡುವುದನ್ನೇ 1954ರ ಕಾಯ್ದೆ ನಿಷೇಧಿಸಿದೆ. ಕಾನೂನು ಮುರಿದೇ ಪರಿಚಯ ಮಾಡಿಕೊಂಡವರು ಡಬ್ಬಿಯೊಳಗೆ ನಿಯತ್ತಾಗಿರುತ್ತಾರೆ ಅಂತ ನಾನಂತೂ ನಂಬುವುದಿಲ್ಲ. ಎಫ್‌ಎಸ್‌ಎಸ್‌ಎಐನ 14 ಅಂಕಿ ಇದ್ದರೆ ಅದು ಆಹಾರದ ಲೈಸೆನ್ಸ್, ರೋಗ ವಾಸಿ ಮಾಡುತ್ತದೆ ಅಂತ ಹೇಳಿಕೊಳ್ಳುವ ಹಾಗೇ ಇಲ್ಲ. ಆಯುರ್ವೇದ ಲೈಸೆನ್ಸ್ ನಂಬರ್ ಇದ್ದರೂ ಅದು ತಯಾರಿಸಲು ಅನುಮತಿ, ನಿಮಗೆ ಗುಣವಾಗುತ್ತದೆ ಅನ್ನುವ ಗ್ಯಾರಂಟಿ ಅಲ್ಲ.

ಮೂಲಿಕೆಗಳ ಬಗ್ಗೆ ಹೇಳಬೇಕೆಂದರೆ, ಅಶ್ವಗಂಧದಿಂದ ಟೆನ್ಶನ್, ನಿದ್ದೆಗೆ ಸ್ವಲ್ಪ ಅನುಕೂಲ ಅಂತ ಸಣ್ಣ ಅಧ್ಯಯನಗಳಿವೆ. ಕೆಲವರಿಗೆ ಲಿವರ್ ಕೆಟ್ಟ ವರದಿಗಳೂ ಇವೆ. ಮುಸ್ಲಿಯ ಅಧ್ಯಯನಗಳು ಬಹುಪಾಲು ಇಲಿಗಳ ಮೇಲೆ ಆದವು. ಶುದ್ಧಿ ಮಾಡದ ಶಿಲಾಜಿತ್‌ನಲ್ಲಿ ಸೀಸದಂಥ ಲೋಹ ಇರಬಹುದು. ಆಯುರ್ವೇದವೇ ಬೇಕು ಅಂದರೆ ಡಿಗ್ರಿ ಇರುವ ವೈದ್ಯರ ಮುಂದೆ ಕೂತು ತಗೊಳ್ಳಿ. ಬೆಂಗಳೂರಿನ ಧನ್ವಂತರಿ ರಸ್ತೆಯ ಸರ್ಕಾರಿ ಆಸ್ಪತ್ರೆ ಇರುವುದೇ ಅದಕ್ಕೆ.

ಅದಕ್ಕೂ ಮೊದಲು ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್, ಬೆಳಗಿನ ಹೊತ್ತಿನ ಟೆಸ್ಟೊಸ್ಟೆರಾನ್ ನೋಡಿಸಿ. ಶಿಶ್ನದ ರಕ್ತನಾಳ 1-2 ಮಿಲಿಮೀಟರ್ ಅಗಲ, ಹೃದಯದ್ದು 3-4. ಕಟ್ಟಿಕೊಳ್ಳಲು ಶುರುವಾದರೆ ಸಣ್ಣದರಲ್ಲೇ ಮೊದಲು ಗೊತ್ತಾಗುವುದು. ಬೆಳಗ್ಗೆ ಏಳುವಾಗ ನಿಮಿರುವಿಕೆ ಚೆನ್ನಾಗಿದ್ದು ಹೆಂಡತಿ ಜೊತೆ ಮಾತ್ರ ತೊಂದರೆ ಅಂದರೆ ಹೆಚ್ಚಾಗಿ ಮನಸ್ಸಿನ ಒತ್ತಡ ಇರುತ್ತದೆ. ಅದನ್ನೂ ಡಾಕ್ಟರಿಗೆ ಹೇಳಿ. ನಾನು ಈಗ ನನ್ನ ಫಿಸಿಶಿಯನ್ ಬರೆದುಕೊಟ್ಟ ಜೆನೆರಿಕ್ ಸಿಲ್ಡೆನಾಫಿಲ್ಲೇ ತಗೊಳ್ಳುತ್ತೇನೆ. ಆ ಡಬ್ಬಿಗಿಂತ ಎಷ್ಟೋ ಅಗ್ಗ. ಆದರೆ ಮೊದಲಿನಷ್ಟು ಹತ್ತುವುದಿಲ್ಲ, ನರಕ್ಕೆ ಆಗಲೇ ಪೆಟ್ಟು ಬಿದ್ದಿದೆ. ಪಾದದ ಉರಿಯೂ ಪೂರ್ತಿ ಹೋಗಿಲ್ಲ.

ಆರ್ಡರ್ ಆಗಲೇ ಹಾಕಿದ್ದೀನಿ ಅಂದಿದ್ದೀರಿ. ಕ್ಯಾಶ್ ಆನ್ ಡೆಲಿವರಿ ಅಲ್ವಾ, ಬಾಗಿಲಲ್ಲೇ ವಾಪಸ್ ಕಳಿಸಿ. ಅವರ ಡಾಕ್ಟರ್ ಖಂಡಿತ ಫೋನ್ ಮಾಡುತ್ತಾರೆ. ನಿಮ್ಮ ನೋಂದಣಿ ಸಂಖ್ಯೆ ಎಷ್ಟು ಅಂತ ಕೇಳಿ. ನಾನು ಕೇಳಿದಾಗ ಲೈನ್ ಕಟ್ ಆಯಿತು.